ಗಂಟಿನ ಕೊನೆಯಲ್ಲೊಂದು ಪಟ್ಟಿ

ನಿಮ್ಮ ಮೊಬೈಲಿನ ಒಂದು ಆಟವನ್ನೇ ತೆಗೆದುಕೊಳ್ಳಿ. ಅದರೊಳಗೆ ಚಿತ್ರ, ಧ್ವನಿ, ಅಕ್ಷರಗಳ ನೂರಾರು ಫೈಲುಗಳಿರುತ್ತವೆ. ಬಿಡಿಬಿಡಿಯಾಗಿ ಕಳಿಸಿದರೆ ಯಾವುದಾದರೂ ಒಂದು ತಪ್ಪಿಹೋದೀತು. ಆದ್ದರಿಂದ ಎಲ್ಲವನ್ನೂ ಸೇರಿಸಿ ಒಂದೇ ಗಂಟು ಕಟ್ಟುತ್ತಾರೆ. ಆಂಡ್ರಾಯ್ಡ್ ಫೋನಿನ ಎಪಿಕೆ ಇಂಥದೇ ಗಂಟು. ಒಳಗಿನ ರಚನೆಯಲ್ಲಿ ಅದು ಜಿಪ್ ಫೈಲು.

ಜಿಪ್ ಬಂದದ್ದು 1989ರಲ್ಲಿ. ರೂಪಿಸಿದವರು ಅಮೆರಿಕದ ಫಿಲ್ ಕಾಟ್ಜ್. ಅವರ ಹೆಸರಿನ ಪಿ, ಕೆ ಅಕ್ಷರಗಳು ಇಂದಿಗೂ ಜಿಪ್ ಫೈಲುಗಳ ಮೊದಲಲ್ಲೇ ಕಾಣುತ್ತವೆ. ಯಾವ ಫೈಲು ಎಲ್ಲಿದೆ ಎಂಬ ಪಟ್ಟಿ ಮಾತ್ರ ಇರುವುದು ಗಂಟಿನ ಕೊನೆಯಲ್ಲಿ. ಹೊಸ ಫೈಲು ಸೇರಿಸುವಾಗ ಹಿಂದಿನದನ್ನೆಲ್ಲ ಮತ್ತೆ ಬರೆಯಬೇಕಿಲ್ಲ, ಪಟ್ಟಿಯೊಂದನ್ನು ಹೊಸದಾಗಿ ಬರೆದರಾಯಿತು. ಫ್ಲಾಪಿಗಳ ಆ ಕಾಲಕ್ಕೆ ಇದು ದೊಡ್ಡ ಅನುಕೂಲ.

ತೊಡಕಿರುವುದೂ ಅಲ್ಲಿಯೇ. ನನ್ನ ಸ್ನೇಹಿತರೊಬ್ಬರು ಮಗಳ ಮದುವೆಯ ಫೋಟೋಗಳ ಜಿಪ್ಪನ್ನು ಇಳಿಸಿಕೊಳ್ಳುತ್ತಿದ್ದಾಗ ನೆಟ್ ಕಡಿಯಿತು. ಅವರು ಗಮನಿಸಲಿಲ್ಲ. ತೆರೆದು ನೋಡುವ ಹೊತ್ತಿಗೆ ಸ್ಟುಡಿಯೋದವರು ಮೂಲವನ್ನು ಅಳಿಸಿಬಿಟ್ಟಿದ್ದರು. ಮುಕ್ಕಾಲು ಪಾಲು ಬಂದಿತ್ತು. ಪಟ್ಟಿಯಿಲ್ಲದೆ ಒಂದು ಫೋಟೋವೂ ತೆರೆಯಲಿಲ್ಲ.

ನಿಮಗೂ ಹೀಗಾದರೆ ಆ ಫೈಲನ್ನು ಎಸೆಯಬೇಡಿ. ಗಂಟಿನೊಳಗೆ ಪ್ರತಿ ಫೈಲಿನ ಮುಂದೆಯೂ ಅದರ ಹೆಸರು ಬರೆದ ಪುಟ್ಟ ಚೀಟಿಯಿರುತ್ತದೆ. ದುರಸ್ತಿ ಮಾಡುವ ತಂತ್ರಾಂಶಗಳು ಆ ಚೀಟಿಗಳನ್ನು ಒಂದೊಂದಾಗಿ ಹುಡುಕಿ ಪಟ್ಟಿಯನ್ನು ಮತ್ತೆ ಕಟ್ಟುತ್ತವೆ. ನಾವೂ ಒಂದು ಸಂಜೆ ಹಾಗೆಯೇ ಮಾಡಿದೆವು. ಧಾರೆಯವರೆಗಿನ ಫೋಟೋಗಳೆಲ್ಲ ಸಿಕ್ಕವು. ಆರತಕ್ಷತೆಯವು ಕಡಿದುಹೋದ ತುದಿಯಲ್ಲಿದ್ದವು, ಬರಲೇ ಇಲ್ಲ.