ಹೆಬ್ಬೆಟ್ಟು ಒತ್ತುವ ಮೊದಲು

"ನಮ್ಮ ಹಿಂದೆ ಮಕ್ಕಳು ಜಗಳಾಡಬಾರದು, ಈಗಲೇ ಎಲ್ಲ ಬರೆದುಕೊಟ್ಟುಬಿಡೋಣ" ಎಂದು ನಮ್ಮ ಅಕ್ಕಲಕೋಟೆ, ಜತ್ತ ಕಡೆಯ ಹಿರಿಯರು ಹೇಳುವುದುಂಟು. ವಿಚಾರ ಒಳ್ಳೆಯದೇ. ಆದರೆ ಯಾವ ಕಾಗದ ಬರೆದುಕೊಡುತ್ತೀರಿ ಎಂಬುದರ ಮೇಲೆ ನಿಮ್ಮ ಮುಪ್ಪಿನ ಅನ್ನ ನಿಂತಿರುತ್ತದೆ. ಮೃತ್ಯುಪತ್ರ, ಬಕ್ಷೀಸ ಪತ್ರ, ಟ್ರಸ್ಟ್ ಪತ್ರ, ಈ ಮೂರರ ವ್ಯತ್ಯಾಸವನ್ನು ಇಂದು ತಿಳಿದುಕೊಳ್ಳೋಣ.

ಮೃತ್ಯುಪತ್ರ, ಅಂದರೆ ಉಯಿಲು, ನೀವು ತೀರಿಕೊಂಡ ಮೇಲೆ ಜಾರಿಗೆ ಬರುತ್ತದೆ. ಅಲ್ಲಿಯವರೆಗೆ ಆಸ್ತಿ ನಿಮ್ಮದೇ. ಮನಸ್ಸು ಬದಲಾದರೆ ಅದನ್ನು ರದ್ದು ಮಾಡಿ ಬೇರೆ ಬರೆಯಬಹುದು. ಇಬ್ಬರು ಸಾಕ್ಷಿಗಳು ನಿಮ್ಮೆದುರಿಗೆ ಸಹಿ ಹಾಕಬೇಕು. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸುವುದು ಲೇಸು. ಪಿತ್ರಾರ್ಜಿತ ಹೊಲವಿದ್ದರೆ ನಿಮ್ಮ ಪಾಲಿನಷ್ಟನ್ನೇ ಬರೆಯಬಹುದು. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ ಎಂಬುದನ್ನು ಮರೆಯಬೇಡಿ. ಮುಸ್ಲಿಂ ಬಾಂಧವರಿಗೆ ಉಯಿಲು, ದಾನಗಳ ನಿಯಮ ಬೇರೆ. ಅವರು ವಕೀಲರನ್ನು ಕೇಳಿ ಮುಂದುವರಿಯಬೇಕು.

ಬಕ್ಷೀಸ ಪತ್ರ ಹಾಗಲ್ಲ. ನೋಂದಣಿಯಾಗಿ, ಪಡೆಯುವವರು ಒಪ್ಪಿಕೊಂಡರೆ ಆಸ್ತಿ ಕೈಬಿಟ್ಟಂತೆಯೇ. ಮನಸ್ಸಿಗೆ ಬಂದಾಗ ತಿರುಗಿ ಪಡೆಯಲು ಬರುವುದಿಲ್ಲ. ಆದ್ದರಿಂದ ಮನೆಯಲ್ಲಿ ವಾಸಿಸುವ, ಹೊಲದ ಪೀಕು ತೆಗೆದುಕೊಳ್ಳುವ ತಹಹಯಾತ ಹಕ್ಕನ್ನು ಪತ್ರದಲ್ಲೇ ಉಳಿಸಿಕೊಳ್ಳಿ. "ನಮ್ಮ ಊಟ, ಔಷಧ, ಆರೈಕೆ ನೋಡಿಕೊಳ್ಳಬೇಕು" ಎಂಬ ಷರತ್ತನ್ನೂ ಸ್ಪಷ್ಟವಾಗಿ ಬರೆಸಿ. ಅರವತ್ತು ದಾಟಿದವರು ಇಂಥ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಪಡೆದವರು ಕೈಬಿಟ್ಟರೆ, 2007ರ ಹಿರಿಯ ನಾಗರಿಕರ ಕಾಯ್ದೆಯ 23ನೆಯ ಕಲಮಿನಂತೆ ನ್ಯಾಯಾಧಿಕರಣಕ್ಕೆ ಹೋಗಿ ಪತ್ರ ರದ್ದು ಮಾಡಿಸಬಹುದು. ಬಾಯಿಮಾತಿನ ಭರವಸೆಯನ್ನು ಸಾಬೀತು ಮಾಡುವುದು ಕಷ್ಟ.

ಮೂರನೆಯದು ಟ್ರಸ್ಟ್. ಟ್ರಸ್ಟ್ ಎಂದರೆ ಗುಡಿಯದು, ಶಾಲೆಯದು ಮಾತ್ರ ಎಂದು ತಿಳಿಯಬೇಡಿ. 1882ರ ಭಾರತೀಯ ಟ್ರಸ್ಟ್ ಕಾಯ್ದೆಯಂತೆ ಒಂದು ಕುಟುಂಬಕ್ಕಾಗಿಯೂ ಮಾಡಬಹುದು. ಒಬ್ಬ ತಾಯಿಗೆ ಬುದ್ಧಿ ಬೆಳೆಯದ ಮಗನಿದ್ದಾನೆ ಎನ್ನಿ. ಅವನ ಹೆಸರಿಗೆ ಅಂಗಡಿ ಬರೆದರೆ ಅವನು ನಿಭಾಯಿಸಲಾರ. ಅಣ್ಣನ ಹೆಸರಿಗೆ ಬರೆದರೆ ತಮ್ಮನಿಗೆ ಸಿಗುವ ಖಾತ್ರಿಯಿಲ್ಲ. ಆಗ ತಾಯಿ ಅಂಗಡಿಯನ್ನು ನಂಬಿಗಸ್ಥ ಟ್ರಸ್ಟಿಗಳಿಗೆ ಒಪ್ಪಿಸಿ, ತಾನಿರುವ ತನಕ ಬಾಡಿಗೆ ತನಗೆ, ಅನಂತರ ಆ ಮಗನ ಪೋಷಣೆಗೆ ಎಂದು ಬರೆಸಬಹುದು. ಟ್ರಸ್ಟಿಯ ಹೆಸರಿನಲ್ಲಿ ಆಸ್ತಿ ಇದ್ದರೂ ಅವನು ಅದರಿಂದ ಸ್ವಂತ ಲಾಭ ಮಾಡಿಕೊಳ್ಳುವಂತಿಲ್ಲ, ಲೆಕ್ಕ ಇಡಲೇಬೇಕು.

ಬದುಕಿರುವಾಗ ಮನೆ, ಜಮೀನಿನ ಟ್ರಸ್ಟ್ ಮಾಡುವುದಾದರೆ ಪತ್ರ ನೋಂದಣಿಯಾಗಬೇಕು. ರದ್ದು ಮಾಡುವ ಅಧಿಕಾರ ನಿಮಗೆ ಬೇಕಿದ್ದರೆ ಅದನ್ನು ಪತ್ರದಲ್ಲೇ ಇಟ್ಟುಕೊಳ್ಳಬೇಕು. ಒಬ್ಬ ಟ್ರಸ್ಟಿ ತೀರಿಕೊಂಡರೆ ಮುಂದೆ ಯಾರು ಎಂಬುದನ್ನೂ ಕಾಣಿಸಿ. ಸ್ಟಾಂಪು, ನೋಂದಣಿಯ ಖರ್ಚು ಇದ್ದೇ ಇದೆ. ಎರಡೆಕರೆ ಹೊಲ, ಒಂದು ಮನೆ, ಹೊಂದಿಕೊಂಡಿರುವ ಮಕ್ಕಳು ಇದ್ದವರಿಗೆ ಸಾಮಾನ್ಯವಾಗಿ ಮೃತ್ಯುಪತ್ರವೇ ಸಾಕು.

ಇನ್ನು ಗಡಿಭಾಗದ ನಮಗೆ ಮುಖ್ಯವಾದ ಮಾತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ಮರಾಠಿ ಮಾತು ಬಂದರೂ ಪತ್ರದ ಮರಾಠಿ ಎಲ್ಲರಿಗೂ ತಿಳಿಯದು. ಮೃತ್ಯುಪತ್ರವೆಂದು ನಂಬಿ ಬಕ್ಷೀಸ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದರೆ ಕೋರ್ಟಿಗೆ ಅಲೆಯಬೇಕಾದೀತು. ಮೃತ್ಯುಪತ್ರವನ್ನು ಕನ್ನಡದಲ್ಲೇ ಬರೆಯಬಹುದು. ನೋಂದಣಿ ಅಧಿಕಾರಿಗೆ ತಿಳಿಯದ, ಜಿಲ್ಲೆಯಲ್ಲಿ ರೂಢಿಯಿಲ್ಲದ ಭಾಷೆಯ ಪತ್ರವನ್ನು ಕೂಡ, ಸರಿಯಾದ ಭಾಷಾಂತರ ಮತ್ತು ನಕಲು ಲಗತ್ತಿಸಿದರೆ ನೋಂದಾಯಿಸಲು 1908ರ ನೋಂದಣಿ ಕಾಯ್ದೆಯಲ್ಲಿ ಅವಕಾಶವಿದೆ.

ಪತ್ರ ಮರಾಠಿಯಲ್ಲೇ ಇದ್ದರೆ, ಅದರಿಂದ ಲಾಭವಿಲ್ಲದ ಒಬ್ಬರಿಂದ ಪೂರ್ತಿ ಓದಿಸಿ, ಕನ್ನಡದಲ್ಲಿ ಹೇಳಿಸಿಕೊಳ್ಳಿ. ಮೂರು ಪ್ರಶ್ನೆ ಕೇಳಿ: ಇದು ಇಂದೇ ಜಾರಿಯೋ, ನಾನು ಹೋದ ಮೇಲೋ? ಇದನ್ನು ನಾನು ಬದಲಿಸಬಹುದೋ? ನಾನು ಇರುವ ತನಕ ನನಗೇನು ಉಳಿಯುತ್ತದೆ? ಉತ್ತರ ಮನಸ್ಸಿಗೆ ಬಂದ ಮೇಲೆಯೇ ಮಸಿಗೆ ಬೆರಳು ಅದ್ದಿರಿ.