ಗುಬ್ಬಿ ಆಚೆಯ ಅದಿರು, ಹಳೇ ಸಮುದ್ರದ ಉಸಿರು

ಇಯರ್‌ಫೋನಲ್ಲಿ ಕೇಳ್ತಿದ್ದೀರಾ? ಅದರ ಪುಟ್ಟ ಆಯಸ್ಕಾಂತದಲ್ಲಿ ಸಾಮಾನ್ಯವಾಗಿ ನಿಯೋಡಿಮಿಯಂ ಇರುತ್ತೆ. ಅದೊಂದು ರೇರ್ ಅರ್ಥ್ ಲೋಹ. ಇವತ್ತು ಅದೇ ಗುಂಪಿನ ಸೀರಿಯಂ ಬಗ್ಗೆ ಮಾತಾಡೋಣ.

ತುಮಕೂರಿಂದ ಕುಣಿಗಲ್ ಕಡೆ ಹೋದರೆ ಹೆಚ್ಚಾಗಿ ಪಟ್ಟೆಪಟ್ಟೆಯ ನೈಸ್ ಬಂಡೆ. ಗುಬ್ಬಿ ದಾಟಿ ಚಿಕ್ಕನಾಯಕನಹಳ್ಳಿ ಕಡೆ ತಿರುಗಿದರೆ ಕಬ್ಬಿಣ, ಮ್ಯಾಂಗನೀಸ್ ಅದಿರಿನ ಗುಡ್ಡಗಳು. ಈ ಪದರಗಳು 250 ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳದಲ್ಲಿದ್ದವು. ಗಾಳಿಯಲ್ಲಿ ಆಮ್ಲಜನಕ ಹೆಚ್ಚಿದ್ದು ಸುಮಾರು 240 ಕೋಟಿ ವರ್ಷದ ಹಿಂದೆ. ಹಾಗಾದರೆ ಆ ಸಮುದ್ರದಲ್ಲಿ ಅದಕ್ಕೂ ಮೊದಲೇ ಸ್ವಲ್ಪ ಆಮ್ಲಜನಕ ಇತ್ತಾ?

ಸೀರಿಯಂ ಸುಳಿವು ಕೊಡಬಲ್ಲದು. ಪ್ರಕೃತಿಯಲ್ಲಿ ನೂರಕ್ಕೆ ಸುಮಾರು 88 ಪಾಲು ಸೀರಿಯಂ-140, 11 ಪಾಲು ಸೀರಿಯಂ-142. ಎರಡೂ ಒಂದೇ ಧಾತು, ತೂಕ ಮಾತ್ರ ಬೇರೆ. ಆಮ್ಲಜನಕ ಇದ್ದಾಗ ಸೀರಿಯಂ ಮ್ಯಾಂಗನೀಸ್ ಆಕ್ಸೈಡಿಗೆ ಅಂಟಿಕೊಳ್ಳುತ್ತೆ. ಆಗ ಈ ಪಾಲು ಒಂಚೂರು ಏರುಪೇರಾಗುತ್ತೆ, ಹತ್ತು ಸಾವಿರದಲ್ಲಿ ಕೆಲವರಷ್ಟು ಮಾತ್ರ.

ಅಷ್ಟು ಸಣ್ಣ ವ್ಯತ್ಯಾಸ ಅಳೆಯೋದು ಹೇಗೆ? ಕಲ್ಲನ್ನು ಪುಡಿ ಮಾಡಿ, ಆಮ್ಲದಲ್ಲಿ ಕರಗಿಸಿ, ಸೀರಿಯಂ ಮಾತ್ರ ಬೇರ್ಪಡಿಸಬೇಕು. ಮಾಸ್ ಸ್ಪೆಕ್ಟ್ರೋಮೀಟರ್‌ನ ಆಯಸ್ಕಾಂತದಲ್ಲಿ ಹಗುರ ಕಣ ಹೆಚ್ಚು ಬಾಗುತ್ತೆ, ಭಾರದ್ದು ಕಡಿಮೆ. ಯಂತ್ರವೂ ಪಾಲನ್ನು ಏರುಪೇರು ಮಾಡುತ್ತೆ. ಅದಕ್ಕೇ ಪಾಲು ಗೊತ್ತಿರುವ ಮಾದರಿಯನ್ನೂ ನಡುನಡುವೆ ಅಳೆದು ತಾಳೆ ನೋಡ್ತಾರೆ.

ನಿಜವಾದ ತೊಡಕು ಕಲ್ಲಲ್ಲೇ ಇದೆ. ಆಮೇಲಿನ ಮಳೆ, ಗಾಳಿಯೂ ಅದೇ ಗುರುತು ಬಿಡಬಲ್ಲದು. ಮೇಲೆ ಬಿದ್ದಿರುವ ಅದಿರನ್ನು ಅಳೆದರೆ ಹಳೇ ಸಮುದ್ರ ಅಂದುಕೊಂಡು ನಿನ್ನೆಯ ಮಳೆಯನ್ನೇ ಅಳೆದ ಹಾಗಾಗಬಹುದು. ಬೋರ್‌ವೆಲ್ ಪುಡಿ ಸಾಲದು. ಆಳದಿಂದ ಕೋಲಿನಂತೆ ಇಡಿಯಾಗಿ ಬರುವ ಕೋರ್ ಬೇಕು. ಅದಿರು ಹುಡುಕಲು ತೆಗೆದ ಕೋರನ್ನು ಕೆಲಸ ಮುಗಿದ ಮೇಲೆ ಎಸೆಯಬಾರದು ಅನ್ನೋದು ಇದಕ್ಕೇ.