ಅಂಕ ಏರಿತು, ದಿನ ಹಗುರಾಯಿತೇ?

ಅಪ್ಪನಿಗೋ ಅಮ್ಮನಿಗೋ ಡಿಮೆನ್ಷಿಯಾ ಶುರುವಾಗಿದೆ ಎಂದು ಡಾಕ್ಟರು ಹೇಳಿದ ಮೇಲೆ ಅನೇಕ ಮನೆಗಳಲ್ಲಿ ಮಕ್ಕಳು ಅವರ ಮೊಬೈಲಿಗೆ ಒಂದು ‘ಮೆದುಳಿನ ಆಟ’ ಹಾಕಿಕೊಡುತ್ತಾರೆ. ಚೌಕಗಳು ಮಿನುಗಿ ಮಾಯವಾಗುತ್ತವೆ, ಎಲ್ಲೆಲ್ಲಿ ಇದ್ದವೆಂದು ನೆನಪಿಟ್ಟು ಒತ್ತಬೇಕು. ಸರಿಯಾದರೆ ಅಂಕ. ಅಂಕ ಏರಿದರೆ ಮರೆವು ಇಳಿಯುತ್ತದೆಯೇ? ಈ ಪ್ರಶ್ನೆಗೆ ನೂರು ವರ್ಷದ ಹಿನ್ನೆಲೆಯಿದೆ.

ಕಥೆ ಜರ್ಮನಿಯ ಫ್ರಾಂಕ್‌ಫರ್ಟ್‌ನಿಂದ ಆರಂಭವಾಗುತ್ತದೆ. 1901ರಲ್ಲಿ ಅಲ್ಲಿನ ಆಸ್ಪತ್ರೆಗೆ ಸೇರಿದ ಆಗುಸ್ಟೆ ಡೀಟರ್ ಎಂಬ ಮಹಿಳೆಯನ್ನು ಅಲೋಯಿಸ್ ಆಲ್ಝೈಮರ್ ಪರೀಕ್ಷಿಸಿದರು. ಮುಂದೆ ಅವರದೇ ಹೆಸರು ಪಡೆದ, ಡಿಮೆನ್ಷಿಯಾ ತರುವ ಆಕೆಯ ಕಾಯಿಲೆಯನ್ನು 1906ರಲ್ಲಿ ವೈದ್ಯರ ಸಭೆಯ ಮುಂದಿಟ್ಟರು. ಮೊದಲ ಮಹಾಯುದ್ಧದ ಹೊತ್ತಿಗೆ ಅದೇ ಊರಿನಲ್ಲಿ ಕರ್ಟ್ ಗೋಲ್ಡ್‌ಸ್ಟೈನ್, ತಲೆಗೆ ಪೆಟ್ಟಾದ ಸೈನಿಕರನ್ನು ಮತ್ತೆ ಮಾತಿಗೆ, ಕೆಲಸಕ್ಕೆ ಅಣಿಗೊಳಿಸುತ್ತಿದ್ದರು. ಎರಡನೆಯ ಮಹಾಯುದ್ಧದಲ್ಲಿ ಉರಲ್ ಪ್ರದೇಶದ ಆಸ್ಪತ್ರೆಯೊಂದರಲ್ಲಿ ಅಲೆಕ್ಸಾಂಡರ್ ಲೂರಿಯಾ ಇಂಥದೇ ಕೆಲಸಕ್ಕೆ ನಿಂತರು. ಮೆದುಳಿನ ಒಂದು ಭಾಗ ಕೆಟ್ಟರೆ ಉಳಿದ ಭಾಗಗಳನ್ನು ಬಳಸಿ ಅದೇ ಕೆಲಸವನ್ನು ಬೇರೆ ಬಗೆಯಲ್ಲಿ ಮಾಡಿಸಬಹುದು ಎಂಬುದು ಅವರ ನಿಲುವು. ಆದರೆ ಸೈನಿಕನ ಗಾಯ ಇದ್ದಲ್ಲೇ ಇರುತ್ತದೆ, ಡಿಮೆನ್ಷಿಯಾ ಬೆಳೆಯುತ್ತಾ ಹೋಗುತ್ತದೆ. ಹಾಗಾಗಿ ಡಿಮೆನ್ಷಿಯಾ ಬಂದವರಿಗೆ ಕಲಿಸಿ ಏನು ಫಲ ಎಂಬ ಭಾವನೆಯೇ ಬಹುಕಾಲ ಉಳಿಯಿತು.

ಅದನ್ನು ಅಲುಗಿಸಿದವರಲ್ಲಿ ಒಬ್ಬರು ಅಮೆರಿಕದ ಡಾ. ಜೇಮ್ಸ್ ಫೋಲ್ಸಮ್. 1958ರಲ್ಲಿ ಕ್ಯಾನ್ಸಸ್‌ನ ಟೊಪೀಕಾದಲ್ಲಿ, ನಿವೃತ್ತ ಯೋಧರ ಆಸ್ಪತ್ರೆಯಲ್ಲಿ ಅವರು ಹೊಸ ಪದ್ಧತಿ ತಂದರು. ಇವತ್ತು ಯಾವ ವಾರ, ಇದು ಯಾವ ಊರು, ಮುಂದಿನ ಊಟ ಯಾವಾಗ ಎಂಬುದನ್ನು ಸಿಬ್ಬಂದಿ ಮತ್ತೆ ಮತ್ತೆ ಹೇಳಿಕೊಡುತ್ತಿದ್ದರು. ಮುಂದೆ 1978ರಲ್ಲಿ ಲ್ಯಾಂಡವರ್ ಮತ್ತು ಬ್ಯೋರ್ಕ್ ಎಂಬ ವಿಜ್ಞಾನಿಗಳು, ಒಂದು ಹೆಸರನ್ನು ಕೇಳುವ ಅಂತರವನ್ನು ಸ್ವಲ್ಪ ಸ್ವಲ್ಪವೇ ಹಿಗ್ಗಿಸುತ್ತಾ ಹೋದರೆ ಅದು ಹೆಚ್ಚು ಕಾಲ ನೆನಪಿರುತ್ತದೆ ಎಂದು ತೋರಿಸಿದರು. ಮನಶ್ಶಾಸ್ತ್ರಜ್ಞ ಕ್ಯಾಮರಾನ್ ಕ್ಯಾಂಪ್ 1980ರ ದಶಕದಲ್ಲಿ ಇದನ್ನು ಆಲ್ಝೈಮರ್ಸ್ ರೋಗಿಗಳಲ್ಲಿ ಪ್ರಯೋಗಿಸಿದರು. ನಿನ್ನೆ ನಡೆದದ್ದು ನೆನಪಿಲ್ಲದವರೂ ರೂಢಿಯ ಬಲದಿಂದ ಹೊಸದೊಂದನ್ನು ಕಲಿಯಬಲ್ಲರು ಎಂಬುದು ಖಾತ್ರಿಯಾಯಿತು.

ಅದೇ ದಶಕದಲ್ಲಿ ಈ ಕೆಲಸಕ್ಕೆ ಕಂಪ್ಯೂಟರ್ ಬಂತು. ತಲೆಗೆ ಏಟಾದವರ ಚಿಕಿತ್ಸೆಗೆ ವಿಡಿಯೋ ಗೇಮುಗಳನ್ನೂ ಬಳಸಿ ನೋಡಿದರು. ಯಂತ್ರಕ್ಕೆ ಬೇಸರವಿಲ್ಲ. ಒಂದೇ ಪ್ರಶ್ನೆಯನ್ನು ಎಷ್ಟು ಸಲವಾದರೂ ಕೇಳುತ್ತದೆ, ರೋಗಿಯ ವೇಗಕ್ಕೆ ತಕ್ಕಂತೆ ಸುಲಭವೋ ಕಷ್ಟವೋ ಆಗುತ್ತದೆ.

ಈ ಹಂತದ ಒಂದು ಪ್ರಯೋಗ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ್ದು, 1996ರಲ್ಲಿ ಪ್ರಕಟವಾದದ್ದು. ಅಲ್ಲಿನ ವೈದ್ಯರು ರೋಗಿ ದಿನವೂ ಓಡಾಡುವ ಬೀದಿ, ಅಂಗಡಿಗಳ ಫೋಟೋಗಳನ್ನೇ ಕಂಪ್ಯೂಟರಿಗೆ ಹಾಕಿದರು. ಪರದೆಯನ್ನು ಮುಟ್ಟುತ್ತಾ ರೋಗಿ ಅಂಗಡಿಯ ದಾರಿ ಹಿಡಿಯಬೇಕು. ಅಭ್ಯಾಸವಾದಂತೆ ತಪ್ಪುಗಳು ಕಡಿಮೆಯಾದವು. ಭಾಗವಹಿಸಿದವರು ಬೆರಳೆಣಿಕೆಯಷ್ಟೇ. ಆದರೂ ಅಲ್ಲಿ ಅಭ್ಯಾಸವಾದದ್ದು ಅವರದೇ ದಾರಿ, ಎಲ್ಲಿಯದೋ ಚೌಕಗಳಲ್ಲ. 2006ರಲ್ಲಿ ಬಾರ್ಸಿಲೋನಾದಲ್ಲಿ ಕಾಯಿಲೆ ಇನ್ನೂ ಸೌಮ್ಯವಾಗಿದ್ದ 46 ಜನರ ಮೇಲೆ 24 ವಾರ ನಡೆದ ಅಧ್ಯಯನವೂ, ಔಷಧ ಮತ್ತು ಇತರ ಚಟುವಟಿಕೆಗಳ ಜೊತೆಗೆ ಕಂಪ್ಯೂಟರ್ ತರಬೇತಿ ಸೇರಿದಾಗ ಪರೀಕ್ಷೆಗಳಲ್ಲಿ ಸುಧಾರಣೆ ಕಂಡಿತು.

ಅಷ್ಟರಲ್ಲಿ ಮಾರುಕಟ್ಟೆ ಮುಂದೆ ಓಡಿತ್ತು. ಜಪಾನಿನ ವಿಜ್ಞಾನಿ ರ್‍ಯೂತಾ ಕವಾಶಿಮಾ ಅವರ ಹೆಸರಿನಲ್ಲಿ ನಿಂಟೆಂಡೊ 2005ರಲ್ಲಿ ತಂದ ಮೆದುಳಿನ ಆಟ ಜಗತ್ತಿನಾದ್ಯಂತ ಮನೆಮಾತಾಯಿತು. 2010ರಲ್ಲಿ ಬ್ರಿಟನ್ನಿನ ಏಡ್ರಿಯನ್ ಓವನ್ ಮತ್ತು ಸಂಗಡಿಗರು ಬಿಬಿಸಿಯ ಜೊತೆಗೂಡಿ 11,430 ಆರೋಗ್ಯವಂತರಿಗೆ ಆರು ವಾರ ಆನ್‌ಲೈನ್ ಆಟ ಆಡಿಸಿದರು. ಆಡಿದ ಆಟದಲ್ಲಿ ಎಲ್ಲರೂ ಚುರುಕಾದರು, ಬೇರೆ ಪರೀಕ್ಷೆಗಳಿಗೆ ಆ ಚುರುಕು ದಾಟಲಿಲ್ಲ. ಈಜು ಕಲಿತವನಿಗೆ ಸೈಕಲ್ ತಾನಾಗಿ ಬರುವುದಿಲ್ಲವಲ್ಲ! ಆಟಗಳು ಡಿಮೆನ್ಷಿಯಾವನ್ನು ಮುಂದೂಡುತ್ತವೆ ಎಂದು ಸಾಕಷ್ಟು ಆಧಾರವಿಲ್ಲದೆ ಜಾಹೀರಾತು ಕೊಟ್ಟ ಆರೋಪದ ಮೇಲೆ ‘ಲ್ಯೂಮಾಸಿಟಿ’ ಕಂಪನಿ 2016ರಲ್ಲಿ ಅಮೆರಿಕ ಸರ್ಕಾರದೊಂದಿಗೆ 20 ಲಕ್ಷ ಡಾಲರಿಗೆ ರಾಜಿ ಮಾಡಿಕೊಳ್ಳಬೇಕಾಯಿತು.

ಹಾಗೆಂದು ಎಲ್ಲವೂ ಪೊಳ್ಳೇ? ಅಲ್ಲ. 2017ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿದಾಗ, ಡಿಮೆನ್ಷಿಯಾಕ್ಕೆ ಮುಂಚಿನ ಮರೆವಿನ ಹಂತದಲ್ಲಿ ಕಂಪ್ಯೂಟರ್ ತರಬೇತಿಯಿಂದ ಸಾಧಾರಣ ಲಾಭ ಕಂಡಿತು. ಡಿಮೆನ್ಷಿಯಾ ಬಂದ ಮೇಲೆ ಲಾಭದ ಪುರಾವೆ ತೆಳುವಾಗಿತ್ತು. 2022ರಲ್ಲಿ ಅಮೆರಿಕದ ಕೊಲಂಬಿಯಾ ಮತ್ತು ಡ್ಯೂಕ್ ವಿಶ್ವವಿದ್ಯಾಲಯಗಳವರು ಅದೇ ಮುಂಚಿನ ಹಂತದ 107 ಜನರಲ್ಲಿ ಕೆಲವರಿಗೆ ಕಂಪ್ಯೂಟರ್ ಆಟ, ಉಳಿದವರಿಗೆ ಪದಬಂಧ ಕೊಟ್ಟು 78 ವಾರ ಗಮನಿಸಿದರು. ಮೇಲುಗೈ ಪಡೆದದ್ದು ಪದಬಂಧ!

ಬ್ರಿಟನ್ನಿನ ಲಿಂಡಾ ಕ್ಲೇರ್ ಪ್ರಶ್ನೆಯನ್ನೇ ತಿರುಗಿಸಿದರು. ರೋಗಿಯ ಅಂಕವನ್ನು ಬಿಟ್ಟು, ಅವರಿಗೆ ಏನು ಬೇಕು ಎಂದು ಕೇಳಿದರು. ಮೊಮ್ಮಗನ ಹೆಸರು ಹಿಡಿದು ಕರೆಯಬೇಕೇ? ಅಡುಗೆ ಸೀಯದಂತೆ ನೋಡಿಕೊಳ್ಳಬೇಕೇ? ಅದನ್ನೇ ಗುರಿಯಾಗಿಸಿ ಮನೆಯಲ್ಲಿ ಅಭ್ಯಾಸ ಮಾಡಿಸುವುದು ಅವರ ವಿಧಾನ. 475 ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹಾಗೆ ಆರಿಸಿಕೊಂಡ ಕೆಲಸಗಳು ನಿಜಕ್ಕೂ ಸುಧಾರಿಸಿದವು. ನೆನಪಿನ ಒಟ್ಟಾರೆ ಪರೀಕ್ಷೆಗಳಲ್ಲಿ ಮಾತ್ರ ಬದಲಾವಣೆ ಕಾಣಲಿಲ್ಲ.

ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನ ಡಿಮೆನ್ಷಿಯಾದೊಡನೆ ಬದುಕುತ್ತಿದ್ದಾರೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜು ಹೇಳುತ್ತದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳ ಹಿರಿಯರನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ ವರ್ಷಗಳಿಂದ ಅಧ್ಯಯನ ಮಾಡುತ್ತಿದೆ. ಅಲ್ಲಿ ಕಂಪ್ಯೂಟರ್ ಬಂದಿರುವುದು ನೆನಪನ್ನು ಅಳೆಯುವ ಸಾಧನವಾಗಿ. ಅಕ್ಷರ ಕಲಿಯದ ಅಜ್ಜಿಗೂ ಒಗ್ಗುವಂತೆ ಪರೀಕ್ಷೆಯನ್ನು ಹೊಂದಿಸುವುದೇ ದೊಡ್ಡ ಕೆಲಸ. ತರಬೇತಿಗೂ ಅದೇ ಮಾತು ಅನ್ವಯಿಸುತ್ತದೆ: ಊರು, ಭಾಷೆ, ದಿನಚರಿ ಯಾವುದೂ ತಮ್ಮದಲ್ಲದ ಆಟದಲ್ಲಿ ಗೆದ್ದು ಅವರಿಗೆ ಆಗಬೇಕಾದ್ದೇನು?

ಆದ್ದರಿಂದ ಮೊಬೈಲಿಗೆ ಆಟ ಹಾಕುವ ಮೊದಲು ಹಿರಿಯರನ್ನೇ ಒಂದು ಮಾತು ಕೇಳಿ: ‘ಈಚೆಗೆ ಯಾವ ಕೆಲಸ ತೊಡಕಾಗುತ್ತಿದೆ?’ ಮಗಳಿಗೆ ಫೋನ್ ಮಾಡುವುದಾದರೆ ಅವಳ ಫೋಟೋ ಒತ್ತಿ ಫೋನ್ ಮಾಡುವುದನ್ನೇ ಅಭ್ಯಾಸ ಮಾಡಿಸಿ. ಮೊದಲು ನಿಮಿಷಕ್ಕೊಮ್ಮೆ, ಆಮೇಲೆ ಎರಡು, ನಾಲ್ಕು, ಎಂಟು ನಿಮಿಷಕ್ಕೊಮ್ಮೆ. ತಡವರಿಸಿದರೆ ಬೈಯದೆ, ಕಾಯಿಸದೆ, ತೋರಿಸಿಬಿಡಿ. ಆಟ ಖುಷಿ ಕೊಡುತ್ತಿದ್ದರೆ ಆಡಲಿ. ಅದು ಪರೀಕ್ಷೆಯಾಗಿ ಮುಖ ಬಾಡಿಸುತ್ತಿದ್ದರೆ ತೆಗೆದುಬಿಡಿ. ಅದರಿಂದ ಚಿಕಿತ್ಸೆಯೇನೂ ತಪ್ಪಿಹೋಗುವುದಿಲ್ಲ.